ಜವರಮ್ಮ ಎಣಿಸಿದ ಹನ್ನೆರಡು ಕುರ್ಚಿ

ಜವರಮ್ಮನ ಅಜ್ಜ ಬೋರಯ್ಯ, ಅಜ್ಜಿ ದ್ಯಾವಮ್ಮ, ಅಪ್ಪ ಚೌಡಯ್ಯ. ಬಣಕಲ್ ಸುತ್ತಮುತ್ತ ಯಾವ ಕಲ್ಲಿನ ಮೇಲೂ ಈ ಮೂರು ಹೆಸರು ಕೆತ್ತಿಲ್ಲ. ಕೆತ್ತಬೇಕಾದಂಥ ಕೆಲಸವನ್ನು ಮೂವರೂ ಮಾಡಿದ್ದಾರೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಬೋರಯ್ಯ ಅರಕಲಗೂಡು ಕಡೆಯಿಂದ, ತೋಟಕ್ಕೆ ಆಳು ಕೂಡಿಸುವ ಮೇಸ್ತ್ರಿಯ ಬೆನ್ನ ಹಿಂದೆ ನಡೆದು ಘಟ್ಟ ಹತ್ತಿದವನು. ಗಾಳಿಕಲ್ಲು ಎಸ್ಟೇಟು ಆಗ ಬಿಳಿ ದೊರೆಯೊಬ್ಬನ ಕೈಯಲ್ಲಿತ್ತು. ಒಂದು ಮಳೆಗಾಲ ದೊರೆಗೆ ಜ್ವರ ನೆತ್ತಿಗೇರಿತು. ಹಳ್ಳ ತುಂಬಿ ಗಾಡಿ ದಾಟುವ ಹಾಗಿರಲಿಲ್ಲ. ಬೋರಯ್ಯ ಇನ್ನು ಮೂವರನ್ನು ಜೊತೆ ಮಾಡಿಕೊಂಡು, ಕಂಬಳಿಯ ಜೋಲಿಯಲ್ಲಿ ದೊರೆಯನ್ನು ಹೊತ್ತು, ಬೆಳಗಿಗೆ ಹೊರಟು ಹೊತ್ತು ಮುಳುಗುವುದರೊಳಗೆ ಮೂಡಿಗೆರೆಯ ಡಾಕ್ಟರ ಬಾಗಿಲು ಮುಟ್ಟಿಸಿದ. ದೊರೆ ಬದುಕಿಕೊಂಡ. ಏನು ಬೇಕೋ ಕೇಳು ಅಂದ. ಆಳುಗಳ ಸಾಲುಮನೆಗೆ, ನಾವು ಲೈನು ಅನ್ನುವ ಜಾಗಕ್ಕೆ, ಒಂದು ಬಾವಿ ತೋಡಿಸಿಕೊಡಿ ಎಂದು ಬೋರಯ್ಯ ಕೇಳಿದ. ಅಲ್ಲಿ ಬರೀ ಬಂಡೆ, ನೀರು ಸಿಗದು ಎಂದ ದೊರೆ ತನ್ನ ಹಳೇ ಕೋಟು ಬಿಚ್ಚಿ ಕೊಟ್ಟ.

ಆ ಕೋಟನ್ನು ದ್ಯಾವಮ್ಮ ಗಂಡನ ಮೈಮೇಲೆ ಹಾಕಲು ಬಿಡಲಿಲ್ಲ. ಸುತ್ತಿ ಸಿಂಬೆ ಮಾಡಿ ತಲೆ ಮೇಲಿಟ್ಟುಕೊಂಡಳು. ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಎರಡು ಬೇಸಿಗೆ, ಕೆಲಸ ಬಿಟ್ಟ ಮೇಲೆ, ದೊರೆ ಬಂಡೆ ಅಂದ ಜಾಗದಲ್ಲೇ ಅಗೆದಳು. ಮಣ್ಣಿನ ಬುಟ್ಟಿಗೆಲ್ಲ ಅದೇ ಕೋಟಿನ ಸಿಂಬೆ. ಇಪ್ಪತ್ತೆಂಟು ಅಡಿಗೆ ನೀರು ಬಂತು. ಇವತ್ತಿಗೂ ಅದು ದ್ಯಾವಮ್ಮನ ಬಾವಿ. ಕಡು ಬೇಸಿಗೆಯಲ್ಲಿ ಯಜಮಾನರ ಬಂಗಲೆಯ ಬಾವಿ ಬತ್ತಿದರೆ ಬಂಗಲೆಯವರ ಬಿಂದಿಗೆಯೂ ಅಲ್ಲಿಗೇ ಹೋಗುತ್ತದೆ.

ಮಗ ಚೌಡಯ್ಯ ಏಣಿ ಮಾಡುವವನು. ಕಾಳುಮೆಣಸು ಕುಯ್ಯುವ ಏಣಿ ಒಂಟಿ ಬಿದಿರಿನದು. ಗೆಣ್ಣಿನ ಮೇಲೆ ಕಾಲಿಡಲು ಒಂದೊಂದೇ ಮೆಟ್ಟು. ಬಿದಿರು ಆರಿಸುವುದರಲ್ಲಿ ಒಂದು ಚೂರು ಎಡವಿದರೂ ಹತ್ತಿದವನ ಸೊಂಟ ಮುರಿಯುತ್ತದೆ. ಚೌಡಯ್ಯ ಮಾಡಿದ ಏಣಿಯಿಂದ ಬಿದ್ದವರಿಲ್ಲ. ಎಸ್ಟೇಟು ದೊರೆಯಿಂದ ದೊಡ್ಡ ಗೌಡರ ಕೈಗೆ ಬಂದ ಮೇಲೆ ಒಂದು ವರ್ಷ, ಮರದ ಬುಡದಲ್ಲಿ ಉದುರಿದ ಮೆಣಸನ್ನು ಹೆಕ್ಕಿಕೊಳ್ಳಲು ಹೆಂಗಸರಿಗೆ ಬಿಡುವುದಿಲ್ಲ ಎಂದು ದೊಡ್ಡ ಗೌಡರು ಹೇಳಿದರು. ಚೌಡಯ್ಯ ಕತ್ತಿ ಕೆಳಗಿಟ್ಟ. ಆ ವರ್ಷ ಏಣಿ ಮಾಡಲಿಲ್ಲ. ಮೆಣಸು ಮರದಲ್ಲೇ ಕಪ್ಪಾಗತೊಡಗಿದಾಗ ದೊಡ್ಡ ಗೌಡರು ಇಳಿದು ಬಂದರು. ಅವತ್ತು ಆದ ಕಟ್ಟಳೆ ಇದು: ಕುಯ್ಲು ಮುಗಿದು, ಏಣಿಗಳೆಲ್ಲ ತೋಟದಿಂದ ಬಂದು ಗೋಡೌನಿನ ಸೂರಿಗೆ ನೇತುಬಿದ್ದ ಮೇಲೆ, ನೆಲದಲ್ಲಿ ಉಳಿದದ್ದು ಹೆಕ್ಕಿದವರ ಪಾಲು. ಒಂದೇ ಒಂದು ಏಣಿ ತೋಟದಲ್ಲಿದ್ದರೂ ಒಂದು ಕಾಳನ್ನೂ ಮುಟ್ಟುವಂತಿಲ್ಲ. ಚೌಡಯ್ಯ ಇದ್ದಷ್ಟು ವರ್ಷ, ಕೊನೆಯ ಏಣಿ ನೇತುಹಾಕಿ ಒಂದು ತೆಂಗಿನಕಾಯಿ ಒಡೆದು, “ಏಣಿ ಮನೆಗೆ ಬಂತ್ರಪ್ಪೋ” ಎಂದು ಲೈನಿಗೆ ಕೇಳುವ ಹಾಗೆ ಕೂಗುತ್ತಿದ್ದ. ಹೆಂಗಸರು ಮೊರ ಹಿಡಿದು ಓಡುತ್ತಿದ್ದರು. ಅವನು ಹೋದ ಮೇಲೆ ಏಣಿ ಬರುವುದು ನಿಲ್ಲಲಿಲ್ಲ, ಕೂಗುವವರು ಇಲ್ಲವಾದರು.

ಇಂಥವರ ಮಗಳು ಜವರಮ್ಮ. ಮೊನ್ನೆ ನವೆಂಬರಿನಲ್ಲಿ ಅಮೆರಿಕದಲ್ಲಿ ಕಪ್ಪು ಜನಾಂಗದವರೊಬ್ಬರು ಅಧ್ಯಕ್ಷರಾಗಿ ಗೆದ್ದರಲ್ಲ, ಆ ಬೆಳಿಗ್ಗೆ ಬಣಕಲ್ಲಿನ ಷಡಕ್ಷರಿಯ ಹೋಟೆಲಿನಲ್ಲಿ ಟಿ.ವಿ. ಮುಂದೆ ಕಾಲಿಡಲು ಜಾಗವಿರಲಿಲ್ಲ. ಟಿ.ವಿ.ಯಲ್ಲಿ ಅಮೆರಿಕದ ಜನ ಅಳುತ್ತಿದ್ದರು, ಕುಣಿಯುತ್ತಿದ್ದರು. ಕುಯ್ಲಿಗೆ ಹೊರಟ ಆಳುಗಳೂ ಬುಟ್ಟಿ ಇಳಿಸಿ ನಿಂತಿದ್ದರು. ನಮ್ಮ ವಯಸ್ಸಿನವರೆಲ್ಲ ಟಿ.ವಿ. ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜವರಮ್ಮನ ಮಾತು ತೆಗೆದೆವು. ಹುಡುಗರು ಯಾರವಳು ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಡೆದದ್ದು ಹದಿನಾರು ವರ್ಷದ ಹಿಂದೆ, ತೊಂಬತ್ತೆರಡರ ಮೇ ತಿಂಗಳಿನಲ್ಲಿ.

ಆಗ ಹೋಟೆಲಿಗೆ ಟಿ.ವಿ. ಬಂದಿರಲಿಲ್ಲ. ಒಂಬತ್ತೂವರೆಯ ಬಸ್ಸಿಗೆ ಪೇಪರ್ ಬರುತ್ತಿತ್ತು. ಪೆನ್ಷನ್ ತೆಗೆದುಕೊಂಡು ಕೂತಿದ್ದ ಗಣಪಯ್ಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮೊದಲ ಪುಟದಿಂದ ಗಟ್ಟಿಯಾಗಿ ಓದುತ್ತಿದ್ದರು. ಒಳಗಿನ ಬೆಂಚಿನಲ್ಲಿ ತೋಟದವರು, ಅಂಗಡಿಯವರು, ಮೂರೆಕರೆಯ ನನ್ನಂಥವರು. ಹೊರಗೆ ಜಗಲಿಯ ಚಪ್ಪಡಿ ಮೇಲೆ ಲೈನಿನವರು. ಅವರ ಲೋಟಗಳು ಹೊರಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿದ್ದವು. ತಾವೇ ತೆಗೆದು, ಕುಡಿದು, ತಾವೇ ತೊಳೆದು ಇಡಬೇಕು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಒಳಗೆ ಕೂತವರು ಆ ಗೂಡಿನ ಕಡೆ ನೋಡುತ್ತಲೂ ಇರಲಿಲ್ಲ.

ಜವರಮ್ಮ ಸಂತೆಯ ದಿನ ಬರುವಳು. ಉಪ್ಪು ಮೆಣಸಿನಕಾಯಿ ಸೆರಗಿಗೆ ಕಟ್ಟಿಕೊಂಡು, ಓದು ಮುಗಿಯುವ ತನಕ ಚಪ್ಪಡಿಯಿಂದ ಏಳುತ್ತಿರಲಿಲ್ಲ. ಆಗ ನಲವತ್ತೈದರ ಆಸುಪಾಸು. ಅಕ್ಷರ ಬಾರದು. ಕಿವಿಗೆ ಬಿದ್ದದ್ದು ಮಾತ್ರ ಕಲ್ಲಿಗೆ ಬಿದ್ದ ಹಾಗೆ. ಒಳಗಿನವರಿಗೆ ಹೋದ ವಾರದ ಸುದ್ದಿ ಮರೆತರೆ ಹೊರಗೆ ಕತ್ತು ಹಾಕಿ ಕೇಳಬೇಕಿತ್ತು. “ಜವರಮ್ಮ, ದಕ್ಷಿಣ ಆಫ್ರಿಕದೋರು ಮತ ಹಾಕಿದ್ದು ಯಾವತ್ತು ಓದಿದ್ದು?” ಎಂದರೆ, “ಸೌತೆಬೀಜ ತಗೊಂಡ ಸಂತೆ ದಿನ ಕಣ್ರಯ್ಯ” ಎಂದು ತಟ್ಟನೆ ಹೇಳುವಳು. ಅವಳಿಗೆ ಅಮೆರಿಕದ ಸುದ್ದಿ ಅಂದರೆ ಎಲ್ಲಕ್ಕಿಂತ ಇಷ್ಟ. ಅದರಲ್ಲೂ ಅಲ್ಲಿನ ಕರಿಯರ ಸುದ್ದಿ. ಯಾಕೆಂದು ನಾವು ಕೇಳಿರಲಿಲ್ಲ.

ಆ ಸಂತೆಯ ದಿನ ಮೇಷ್ಟ್ರು ಪೇಪರ್ ಬಿಚ್ಚಿದ್ದೇ ತಡ, “ಲಾಸ್ ಏಂಜಲಿಸ್ ಹೊತ್ತಿ ಉರೀತಿದೆ” ಎಂದರು. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

“ಯಾಕಂತೆ?” ಎಂದರು ಶಂಕರೇಗೌಡರು. ದೊಡ್ಡ ಗೌಡರ ಮಗ, ಗಾಳಿಕಲ್ಲಿನ ಈಗಿನ ಯಜಮಾನರು. ದನಿ ದೊಡ್ಡದು, ಮನಸ್ಸೂ ಕೆಟ್ಟದಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಅನ್ಯಾಯವಾದರೂ ಬಣಕಲ್ಲಿನಲ್ಲಿ ಅವರ ಮೂಗು ಕೆಂಪಾಗುತ್ತಿತ್ತು.

“ಒಬ್ಬ ಕರಿಯನ್ನ ಪೊಲೀಸ್ರು ಬಡಿದಿದ್ರಲ್ಲ, ಆ ಕೇಸು.”

“ಯಾವ್ದದು?”

ಮೇಷ್ಟ್ರು ತಲೆ ಕೆರೆದುಕೊಂಡರು. ಹೊರಗಿನಿಂದ ಜವರಮ್ಮನ ದನಿ ಬಂತು. “ಹೋದ್ವರ್ಷ ಶಿವರಾತ್ರಿ ಕಳೆದ್ಮೇಲೆ ಓದಿದ್ರಿ ಮೇಷ್ಟ್ರೆ. ಐವತ್ತು ಚಿಲ್ರೆ ಏಟು. ಎದುರು ಮನೆಯೋನು ಮಹಡಿ ಮೇಲೆ ನಿಂತು ಚಿತ್ರ ಹಿಡಿದಿದ್ದ.”

“ಹ್ಞಾ, ಅದೇ. ಆ ಪೊಲೀಸ್ರು ತಪ್ಪು ಮಾಡಿಲ್ಲ ಅಂತ ತೀರ್ಪಾಗಿದೆ.”

“ಚಿತ್ರ ಇದೆಯಲ್ಲ ಮಾರಾಯ್ರೆ” ಎಂದರು ಗೌಡರು. “ಯಾವ ಜಡ್ಜು ಹಂಗಂದೋನು?”

“ಜಡ್ಜಲ್ಲ ಗೌಡ್ರೆ. ಅಲ್ಲಿ ಜ್ಯೂರಿ ಅಂತ ಇರ್ತದೆ. ಹನ್ನೆರಡು ಜನ, ನಮ್ಮ ನಿಮ್ಮಂಥೋರು. ಎರಡೂ ಕಡೆ ಮಾತು ಕೇಳಿ ಹನ್ನೆರಡೂ ಜನ ಒಂದೇ ಮಾತು ಹೇಳ್ಬೇಕು.”

“ಅದ್ರಲ್ಲಿ ಕರಿಯರು ಎಷ್ಟು ಜನ?”

ಮೇಷ್ಟ್ರು ಬೆರಳಿಟ್ಟು ಹುಡುಕಿದರು. “ಒಬ್ರೂ ಇಲ್ಲ.”

ಗೌಡರು ಟೇಬಲ್ಲಿಗೆ ಗುದ್ದಿದ ಹೊಡೆತಕ್ಕೆ ಲೋಟಗಳು ಹಾರಿದವು. “ಒಬ್ರೂ ಇಲ್ಲ ಅಂದ್ಮೇಲೆ ಅದೆಂಥ ನ್ಯಾಯ ಮಾರಾಯ್ರೆ. ಏಟು ತಿನ್ನೋರು ಒಂದ್ಕಡೆ, ತೀರ್ಪು ಹೇಳೋರೆಲ್ಲ ಇನ್ನೊಂದ್ಕಡೆ.”

“ಟೇಬಲ್ ಮುರಿದ್ರೆ ಅಮೆರಿಕದೋರು ಕೊಡಲ್ಲ ಗೌಡ್ರೆ” ಎಂದ ಷಡಕ್ಷರಿ.

ಬೆಂಚೆಲ್ಲ ಎದ್ದು ನಿಂತಿತ್ತು. ಒಬ್ಬರು ಆ ದೇಶ ನಾಶವಾಗಲಿ ಅಂದರು, ಇನ್ನೊಬ್ಬರು ಜ್ಯೂರಿ ಒಳ್ಳೆಯದೇ, ಆರಿಸಿದ್ದು ಸರಿಯಿಲ್ಲ ಅಂದರು. ನಾನೂ ಗಂಟಲು ಹರಿದುಕೊಂಡೆ. ಗದ್ದಲ ಇಳಿದಾಗ ಜವರಮ್ಮ ಕೇಳಿದಳು, “ಆ ಏಟು ತಿಂದೋನು ಏನಂದ ಮೇಷ್ಟ್ರೆ?”

“ಬೆಂಕಿ ಹಚ್ಬೇಡಿ, ನಿಲ್ಸಿ ಅಂತ ಜನರನ್ನ ಕೇಳ್ಕೊಂಡಿದಾನೆ.”

“ದೊಡ್ಡ ಮನ್ಸು” ಎಂದಳು. ಲೋಟ ತೊಳೆದು ಗೂಡಿನಲ್ಲಿಟ್ಟಳು. “ನಾನಾಗಿದ್ರೆ ಮೊದ್ಲು ಆ ಹನ್ನೆರಡು ಜನ್ರ ಮುಖ ತೋರ್ಸಿ ಅಂತಿದ್ದೆ.”

ಇದಾಗಿ ನಾಲ್ಕನೆಯ ದಿನ, ಬುಧವಾರ. ಮೇಷ್ಟ್ರು ಅದೇ ಸುದ್ದಿಯ ಮುಂದಿನ ಭಾಗ ಓದುತ್ತಿದ್ದರು. ನಾವು ಅದೇ ಹಳೇ ಆವೇಶದಲ್ಲಿದ್ದೆವು. ರಸ್ತೆಯಲ್ಲಿ ಯಾರೋ ಬರುವುದು ಕಂಡಿತು. ಮುಂದೆ ಜವರಮ್ಮ, ತಲೆಯ ಮೇಲೆ ಗಂಟು. ಅವಳ ಹಿಂದೆ ನಾಲ್ಕು ಮಾರು ಬಿಟ್ಟು ಗಾಳಿಕಲ್ಲಿನ ರೈಟರ್ ವೆಂಕಟೇಶ. ಎಸ್ಟೇಟಿನ ಹಾಜರಿ, ಉಸ್ತುವಾರಿ ನೋಡುವ ಕೆಲಸಕ್ಕೆ ಹೊಸದಾಗಿ ಬಂದಿದ್ದ ಹುಡುಗ. ಅವನು ಕೋಲು ತೋರಿಸುತ್ತ ಅಂಗಡಿ ಅಂಗಡಿಗೂ ಕೇಳುವ ಹಾಗೆ ಹೇಳುತ್ತಿದ್ದ, “ನೋಡ್ಕಳಿ, ತೋಟದ ಮೆಣಸು ಕದ್ದ ಕಳ್ಳಿ.”

ಬಸ್‌ಸ್ಟ್ಯಾಂಡಿನಿಂದ ಪೇಟೆಯ ಈ ತುದಿಯ ತನಕ ಅವಳನ್ನು ನಡೆಸಿಕೊಂಡು ಬಂದ. ಜವರಮ್ಮ ತಲೆ ತಗ್ಗಿಸಲಿಲ್ಲ. ಹೋಟೆಲಿನ ಮುಂದೆ ಬಂದಾಗ ನಮ್ಮ ಕಡೆ ಒಂದು ಸಲ ನೋಡಿದಳು. ಅಮೆರಿಕಕ್ಕಾಗಿ ಎದ್ದು ನಿಂತಿದ್ದ ನಾವೆಲ್ಲ ಕಾಫಿ ಲೋಟದ ತಳದಲ್ಲಿ ಏನಿದೆಯೆಂದು ಹುಡುಕತೊಡಗಿದೆವು.

ಗೌಡರು ಎದ್ದು ಹೋಗಿ ರೈಟರನ್ನು ತಡೆದರು. ಸಂಗತಿ ಇಷ್ಟು. ಏಣಿಗಳು ಮಂಗಳವಾರ ಸಂಜೆ ಗೋಡೌನಿಗೆ ಬಂದವು, ಬುಧವಾರ ಬೆಳಿಗ್ಗೆ ತಾನು ಹೆಕ್ಕಿದೆ ಎಂದು ಜವರಮ್ಮ. ಬೆಟ್ಟದ ಮೇಲಿನ ತೋಟದ ತುಂಡಿನಲ್ಲಿ, ಮೇಲಿನ ಬ್ಲಾಕಿನಲ್ಲಿ, ಇನ್ನೂ ಒಂದು ಏಣಿ ಮರಕ್ಕೆ ಒರಗಿದೆ, ತಾನೇ ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಇದು ಕಳ್ಳತನ ಎಂದು ವೆಂಕಟೇಶ. ಕಳ್ಳತನ ಎಂದಾದರೆ ಅವಳು ಲೈನು ಬಿಡಬೇಕು, ಅಜ್ಜಿ ತೋಡಿದ ಬಾವಿ ಬಿಡಬೇಕು, ಕಳ್ಳಿ ಅನ್ನುವ ಹೆಸರು ಹೊತ್ತು ಹೋಗಬೇಕು. ಅಷ್ಟೇ ಅಲ್ಲ. ಹೆಕ್ಕುವ ಹೆಸರಿನಲ್ಲಿ ಕದಿಯುತ್ತಾರೆ, ಆ ಪದ್ಧತಿಯನ್ನೇ ತೆಗೆಯಿರಿ ಎಂದು ರೈಟರು ಬಂದಾಗಿನಿಂದ ಗೌಡರ ಕಿವಿ ಕಚ್ಚುತ್ತಿದ್ದ. ಚೌಡಯ್ಯ ಗೆದ್ದುಕೊಟ್ಟದ್ದು ಚೌಡಯ್ಯನ ಮಗಳಿಂದಲೇ ಹೋಗುವುದರಲ್ಲಿತ್ತು.

“ಸ್ಟೇಷನ್ನಿಗೆ ಕೊಡ್ತೀನಿ ಸಾರ್” ಎಂದ ವೆಂಕಟೇಶ.

“ಸುಮ್ನಿರಯ್ಯ” ಎಂದರು ಗೌಡರು. ಆಗ ಅವರ ಮುಖ ಅರಳಿತು. “ಮೇಷ್ಟ್ರೆ, ನಾವೇ ಮಾಡುವ. ಜ್ಯೂರಿ. ಹನ್ನೆರಡು ಜನ. ನಾನು ಎಸ್ಟೇಟಿನ ಯಜಮಾನ, ನಾನು ಬಾಯಿ ಹಾಕಲ್ಲ. ಹನ್ನೆರಡೂ ಜನ ಒಂದೇ ಮಾತು ಹೇಳ್ಲಿ, ಅದ್ಕೆ ನಾನು ತಲೆ ಬಾಗ್ತೀನಿ. ಜವರಮ್ಮ, ಒಪ್ಪಿಗೆಯಾ?”

ಜವರಮ್ಮ ಗಂಟು ಇಳಿಸಲಿಲ್ಲ. “ಹನ್ನೆರಡು ಜನ ಅಂದ್ರೆ ಒಪ್ಪಿಗೆ ಅಯ್ಯ” ಎಂದಳು. “ಈ ಗಂಟು ಅಲ್ಲೀವರ್ಗೂ ನಿಮ್ಮ ಗೋಡೌನಲ್ಲೇ ಇರ್ಲಿ.”

ಮುಂದಿನ ಸಂತೆಯ ದಿನಕ್ಕೆ ನಿಶ್ಚಯವಾಯಿತು. ಆ ನಾಲ್ಕು ದಿನ ಬಣಕಲ್ಲಿಗೆ ಹಬ್ಬ. ಹನ್ನೆರಡು ಜನರನ್ನು ಆರಿಸಿದ್ದು ಹೋಟೆಲಿನ ಬೆಂಚಿನ ಮೇಲೆಯೇ. ಗಣಪಯ್ಯ ಮೇಷ್ಟ್ರು, ಷಡಕ್ಷರಿ, ಅಕ್ಕಿ ಗಿರಣಿಯವರು, ರೇಷನ್ ಅಂಗಡಿಯವರು, ಬಸ್ ಏಜೆಂಟು, ಅಕ್ಕಪಕ್ಕದ ತೋಟದ ಐದಾರು ಯಜಮಾನರು. ನನ್ನ ಹೆಸರು ಬಂದಾಗ ಮೀಸೆಯ ಮೇಲೆ ಕೈ ಹೋದದ್ದು ನಿಜ. ಬಿಳಿ ಪಂಚೆ ಒಗೆಸಿಟ್ಟುಕೊಂಡೆ. ಅಮೆರಿಕದ ಜ್ಯೂರಿ ಕಾಫಿ ಕುಡಿಯಬಹುದೇ, ಎದ್ದು ಹೊರಗೆ ಹೋಗಬಹುದೇ ಎಂದು ದಿನಾ ಚರ್ಚೆ. ಮೇಷ್ಟ್ರು ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದಕ್ಕೆ ಕನ್ನಡಕ ಒರೆಸುತ್ತಿದ್ದರು. ನಮ್ಮ ಹನ್ನೆರಡರ ಲೆಕ್ಕದಲ್ಲಿ ಏನು ತಪ್ಪಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅಮೆರಿಕದ ಆ ತಪ್ಪಿಗೆ ವಾರವಿಡೀ ಬೈದ ನಾಲಿಗೆಗಳು ನಮ್ಮವೇ.

ಗಾಳಿಕಲ್ಲಿನ ಕಣದಲ್ಲಿ, ಕಾಫಿ ಒಣಗಿಸುವ ಆ ಅಗಲದ ಸಿಮೆಂಟು ಅಂಗಳದಲ್ಲಿ, ಮದುವೆ ಮನೆಗೆ ಕೊಡುವ ಕಬ್ಬಿಣದ ಕುರ್ಚಿ ಹನ್ನೆರಡು ಸಾಲಾಗಿ ಹಾಕಿದ್ದರು. ಮೋಡ ಕವಿದು ಗಾಳಿ ತಂಪಾಗಿತ್ತು. ಲೈನಿನ ಜನವೆಲ್ಲ ಕಣದ ಅಂಚಿಗೆ ಕುಕ್ಕರಗಾಲಲ್ಲಿ ಕೂತಿದ್ದರು, ಸಂತೆಗೆ ಬಂದವರು ತಡೆಗೋಡೆ ಹತ್ತಿದ್ದರು. ನಾವು ಹನ್ನೆರಡು ಜನ ಗಂಭೀರವಾಗಿ ಬಂದು ಕೂತೆವು. ವೆಂಕಟೇಶ ತಾನು ಕಂಡದ್ದನ್ನು ಹೇಳಿದ. ಮೇಲಿನ ಬ್ಲಾಕು, ದಾರಿಯ ಬಲಕ್ಕೆ, ನೆರಳಿಗೆ ಬೆಳೆಸಿದ ದೊಡ್ಡ ಸಿಲ್ವರ್ ಮರ, ಅದಕ್ಕೆ ಒರಗಿದ ಏಣಿ. ಕುಯ್ಲು ಮುಗಿದಿಲ್ಲ ಅನ್ನುವುದಕ್ಕೆ ಇನ್ನೇನು ಬೇಕು.

“ಜವರಮ್ಮ, ನೀನೇನು ಹೇಳ್ತೀಯ?” ಎಂದರು ಮೇಷ್ಟ್ರು.

ಅವಳು ಎದ್ದು ನಮ್ಮ ಮುಂದೆ ಬಂದಳು. ಈ ತುದಿಯ ಕುರ್ಚಿಯಿಂದ ಆ ತುದಿಯ ಕುರ್ಚಿಯ ತನಕ ಬೆರಳು ಮಡಚುತ್ತ ನಡೆದಳು. ಒಬ್ಬೊಬ್ಬರ ಮುಖ ನೋಡುತ್ತ ನಡೆದಳು. ನನ್ನ ಮುಂದೆ ನಿಂತಾಗ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

“ಮೇಷ್ಟ್ರೆ, ಒಂದು ಮಾತು ಕೇಳ್ಲಾ? ಆ ಅಮೆರಿಕದ ಹನ್ನೆರಡು ಜನ್ರಲ್ಲಿ ಕರಿಯರು ಎಷ್ಟು ಅಂತ ಓದಿದ್ರಿ?”

“ಒಬ್ರೂ ಇಲ್ಲ ಅಂತ...” ಮೇಷ್ಟ್ರ ಮಾತು ಅಲ್ಲಿಗೇ ನಿಂತಿತು. ಅವರಿಗೆ ಅರ್ಥವಾಗಿಹೋಗಿತ್ತು.

“ಅವತ್ತು ಗೌಡ್ರು ಟೇಬಲ್ ಕುಟ್ಟಿದ್ರು” ಎಂದಳು ಜವರಮ್ಮ. “ನಾನು ಹೊರ್ಗಡೆ ಕೇಳ್ತಾ ಇದ್ದೆ. ನಮ್ಮ ಗೌಡ್ರು ಎಂಥ ನ್ಯಾಯವಂತ್ರು ಅನ್ಕಂಡೆ. ಇಲ್ಲಿ ಎಣಿಸ್ದೆ. ನಮ್ಮೋರು ಒಬ್ರೂ ಇಲ್ಲ. ಅದು ಹೋಗ್ಲಿ, ಇದು ಏಣಿ ಕೇಸು. ಈ ಹನ್ನೆರಡು ಜನ್ರಲ್ಲಿ ಒಂದ್ಸಲನಾದ್ರೂ ಮೆಣಸಿನ ಏಣಿ ಹತ್ತಿದೋರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ತಡೆಗೋಡೆಯ ಮೇಲಿಂದ ಯಾರೋ ಕಿಸಕ್ಕೆಂದು ನಕ್ಕರು. ಶಂಕರೇಗೌಡರ ಮುಖ ಹಣ್ಣಾದ ಕಾಫಿಯ ಕೆಂಪಿಗೆ ತಿರುಗಿತ್ತು. ಸಿಟ್ಟೋ ನಾಚಿಕೆಯೋ ಹೇಳಲು ಬರುತ್ತಿರಲಿಲ್ಲ. ಜವರಮ್ಮನೂ ಅವರನ್ನೇ ನೋಡುತ್ತಿದ್ದಳು. ಅವರೊಂದು ಮಾತು ಹೇಳಿದರೆ ಸಾಕು, ಕುರ್ಚಿ ಎತ್ತಿಸಿ ಎಲ್ಲರೂ ಮನೆಗೆ ಹೋಗಬಹುದಿತ್ತು, ಅವಳು ಸಂಜೆಯೊಳಗೆ ಲೈನು ಬಿಡಬೇಕಾಗುತ್ತಿತ್ತು.

ಗೌಡರು ದೊಡ್ಡದಾಗಿ ಉಸಿರು ಬಿಟ್ಟರು. “ಸಿಕ್ಕಾಕಿಸಿದ್ಯಲ್ಲ ಮಾರಾಯ್ತಿ” ಎಂದರು. ಆಮೇಲೆ ನಮ್ಮ ಕಡೆ ತಿರುಗಿ, “ಆರು ಜನ ಏಳಿ.”

ಏಳುವುದು ಹೇಳಿದಷ್ಟು ಸುಲಭವಲ್ಲ. ಬಿಳಿ ಪಂಚೆ ಉಟ್ಟು ಬಂದವರು ನಾವು. ಮೊದಲು ಎದ್ದದ್ದು ಬಸ್ ಏಜೆಂಟು, ಆಮೇಲೆ ಇನ್ನಿಬ್ಬರು. ನಾನು ನಾಲ್ಕನೆಯವನು. ಮೊದಲನೆಯವನೆಂದು ಬರೆಯುವ ಆಸೆಯಿದೆ, ಕಂಡವರು ಇನ್ನೂ ಬದುಕಿದ್ದಾರೆ. ಖಾಲಿಯಾದ ಆರು ಕುರ್ಚಿಗೆ ಲೈನಿನಿಂದ ಆರು ಜನ ಬಂದರು. ಅವರಲ್ಲಿ ಭಾಗಮ್ಮನೇ ಹಿರಿಯಳು. ಮೂವತ್ತು ವರ್ಷ ಮೆಣಸಿನ ಬಳ್ಳಿಯ ಕೆಳಗೆ ಓಡಾಡಿದ ಮುದುಕಿ, ಬಾಯಿ ಎಲೆಅಡಿಕೆಯಲ್ಲಿ ಯಾವಾಗಲೂ ಕೆಂಪು. ಬಂದರೇ ಹೊರತು ಕುರ್ಚಿ ಮೇಲೆ ಕೂರಲೊಲ್ಲರು. ಗೌಡರ ಎದುರು ಹೇಗೆ ಕೂರುವುದೆಂದು ಕುರ್ಚಿಯ ಕಾಲ ಬುಡದಲ್ಲಿ ನೆಲಕ್ಕೆ ಕೂತರು.

“ಇದಾಗಲ್ಲ” ಎಂದಳು ಜವರಮ್ಮ. “ಆರು ಜನ ಮೇಲೆ, ಆರು ಜನ ಕೆಳ್ಗೆ ಅಂದ್ರೆ ಒಂದೇ ಮಾತು ಹೆಂಗೆ ಹೊರಡ್ತದೆ? ಕುಂತ್ರೆ ಎಲ್ರೂ ಮೇಲೆ ಕುಂತ್ಕಳಿ, ಇಲ್ಲಾಂದ್ರೆ ಎಲ್ರೂ ಕೆಳ್ಗೆ ಬನ್ನಿ.”

ಭಾಗಮ್ಮ ಮಿಸುಕಲಿಲ್ಲ. “ನನ್ಗೆ ಕಬ್ಬಿಣ ತಣ್ಣಗಾಗ್ತದೆ ಕಣೆ. ಅವ್ರೇ ಇಳೀಲಿ.”

ಕಣವೆಲ್ಲ ನಕ್ಕಿತು. ಗಣಪಯ್ಯ ಮೇಷ್ಟ್ರು ಕುರ್ಚಿ ಹಿಂದಕ್ಕೆ ತಳ್ಳಿ, ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತರು. ಉಳಿದವರೂ ಕೂತರು. ಗಿರಣಿಯವರು ಕೂರುವಾಗ ಪಂಚೆ ಪರ್ರೆಂದಿತು. ಅಷ್ಟು ಹೊತ್ತಿಗೆ ಷಡಕ್ಷರಿಯ ಆಳು ಕಾಫಿ ತಂದ. ಹೋಟೆಲಿನ ಒಳಗಿನ ಲೋಟಗಳಷ್ಟೇ ಬುಟ್ಟಿಯಲ್ಲಿದ್ದವು. ಹೊರಗೋಡೆಯ ಗೂಡು ಎರಡು ಮೈಲಿ ದೂರ ಉಳಿದಿತ್ತು. ಆಳು ಒಡೆಯನ ಮುಖ ನೋಡಿದ. ಷಡಕ್ಷರಿ ಭಾಗಮ್ಮನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದವನು, “ಎಂಥ ನೋಡ್ತೀಯ, ಸಾಲಾಗಿ ಕೊಡು” ಎಂದ.

ಮೇಷ್ಟ್ರು ಮತ್ತೆ ಶುರು ಮಾಡಿದರು. “ಈಗ ಹೇಳು ಜವರಮ್ಮ. ಆ ಏಣಿ ವಿಷ್ಯ.”

“ನಂಗೆ ಗೊತ್ತು ಮೇಷ್ಟ್ರೆ. ಆದ್ರೆ ನಾನು ಹೇಳಿದ್ರೆ ಕಳ್ಳಿ ಬಾಯಿ ಮಾತಾಗ್ತದೆ. ಈ ಹನ್ನೆರಡರಲ್ಲೇ ಗೊತ್ತಿದ್ದೋರು ಹೇಳ್ಲಿ.”

ಭಾಗಮ್ಮ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದಳು. “ರೈಟ್ರೆ, ನೀವು ಆ ಏಣಿ ಹತ್ರ ಹೋಗಿ ನೋಡಿದ್ರಾ?”

“ದಾರಿಯಿಂದ ಚೆನ್ನಾಗಿ ಕಾಣುತ್ತೆ.”

“ದಾರಿಯಿಂದ ನಮ್ಮನೆ ಅಜ್ಜೀನೂ ಚೆನ್ನಾಗಿ ಕಾಣ್ತಿದ್ಲು. ಹತ್ರ ಹೋದ್ರೆ ಹಲ್ಲಿರ್ಲಿಲ್ಲ” ಎಂದಳು ಭಾಗಮ್ಮ. “ಏಳ್ರಪ್ಪ, ಹತ್ತುವ. ಏಣೀನೇ ಕೇಳುವ.”

ಆಗಿನ ಆ ಹೊರಡುವಿಕೆಯನ್ನು ನೆನೆದರೆ ಈಗಲೂ ನನ್ನ ಕಾಲು ಮುಂದೆ ಹೋಗುತ್ತದೆ. ಮುಂದೆ ಹನ್ನೆರಡು ಜನ, ಹಿಂದೆ ಗೌಡರು, ರೈಟರು, ಜವರಮ್ಮ, ಅವರ ಹಿಂದೆ ಸಂತೆಗೆ ಸಂತೆಯೇ. ಕೈಯಲ್ಲಿ ಬಾಳೆಗೊನೆ ಹಿಡಿದವರು, ಕೋಳಿ ಹಿಡಿದವರು. ಕಾಫಿ ಗಿಡದ ನಡುವಿನ ಕಾಲುದಾರಿಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಮುಖ ತಾಗಿಸಿಕೊಂಡು ಹತ್ತಿದೆವು. ಗಿರಣಿಯವರು ಎರಡು ಕಡೆ ಕೂತು ಎದ್ದರು. “ಅಮೆರಿಕದ ಜ್ಯೂರಿಗೆ ಬೆಟ್ಟ ಹತ್ಸ್ತಾರೇನ್ರಿ?” ಎಂದು ಏದುಸಿರಲ್ಲಿ ಕೇಳಿದರು. “ಹತ್ಸಿದ್ರೆ ಇಂಥ ತೀರ್ಪು ಬರ್ತಿರ್ಲಿಲ್ಲ” ಎಂದರು ಮೇಷ್ಟ್ರು.

ಮೇಲಿನ ಬ್ಲಾಕು ಬಂತು. ದಾರಿಯಲ್ಲಿ ನಿಂತು ನೋಡಿದರೆ ರೈಟರು ಹೇಳಿದ್ದು ಅಕ್ಷರಶಃ ನಿಜ. ದೊಡ್ಡ ಸಿಲ್ವರ್ ಮರ, ಮರಕ್ಕೆ ನೆಟ್ಟಗೆ ಒರಗಿದ ಏಣಿ. ವೆಂಕಟೇಶ ನಮ್ಮೆಲ್ಲರ ಮುಖ ನೋಡಿದ. ಜವರಮ್ಮ ದಾರಿಯಲ್ಲೇ ನಿಂತಳು, ಒಂದು ಹೆಜ್ಜೆ ಮುಂದೆ ಇಡಲಿಲ್ಲ.

ಭಾಗಮ್ಮ ಗಿಡಗಳ ನಡುವೆ ನುಗ್ಗಿ ಮರದ ಬುಡಕ್ಕೆ ಹೋದಳು. ಹನ್ನೊಂದು ಜನ ಹಿಂದೆ ಹೋದರು. “ಬಸ್ಸಿನ ಕಂಬಿ ಹಿಡಿದಂಗೆ ಹಿಡ್ಕಂಡು ಎಳೀರಿ” ಎಂದಳು ಷಡಕ್ಷರಿಗೆ. ಅವನು ಏಣಿ ಹಿಡಿದು ಎಳೆದ. ಬರಲಿಲ್ಲ. ಇಬ್ಬರು ಸೇರಿ ಎಳೆದರು. ಅಲುಗಲಿಲ್ಲ. ಮೆಣಸಿನ ಬಳ್ಳಿ ಮರವನ್ನು ಹಬ್ಬಿದ ಹಾಗೆಯೇ ಏಣಿಯನ್ನೂ ಹಬ್ಬಿತ್ತು. ಗೆಣ್ಣು ಗೆಣ್ಣಿಗೂ ಬೇರು ಇಳಿಸಿ, ಮೂರನೆಯ ಮೆಟ್ಟಿನಿಂದ ಮೇಲಕ್ಕೆ, ದಾರಿಗೆ ಕಾಣದ ಮಗ್ಗುಲಲ್ಲಿ, ಬಿದಿರನ್ನು ಮರಕ್ಕೆ ಸೇರಿಸಿ ಅಪ್ಪಿಕೊಂಡಿತ್ತು. ಕೆಳಗೆ ಬುಡದಲ್ಲಿ ಗೆದ್ದಲಿನ ಹುತ್ತ. ಮೇಷ್ಟ್ರು ಬೆರಳಲ್ಲಿ ಒತ್ತಿದರು, ಬಿದಿರು ರವೆಯ ಹಾಗೆ ಉದುರಿತು.

“ಎರಡು ಮಳೆಗಾಲ ಆಯ್ತು ಇದನ್ನ ಯಾರೂ ಮುಟ್ಟಿ” ಎಂದಳು ಭಾಗಮ್ಮ. “ಮೆಟ್ಟು ಮುರೀತು ಅಂತ ಮೇಸ್ತ್ರಿ ಅಲ್ಲೇ ಬಿಟ್ಟಿದ್ದ. ಬಳ್ಳಿ ಹಬ್ಬಿದ್ಮೇಲೆ ಕಿತ್ರೆ ಫಸಲು ಹೋಗ್ತದೆ. ಇದು ಏಣಿಯಲ್ಲ ಕಣ್ರಪ್ಪ, ಇದೂ ಒಂದು ಮರ. ಇದು ಮನೆಗೆ ಬರ್ಬೇಕು ಅಂದ್ರೆ ನಾವು ಯಾವ ಜನ್ಮಕ್ಕೂ ಹೆಕ್ಕಂಗಿಲ್ಲ.”

ಮೇಷ್ಟ್ರು ಎಲ್ಲರನ್ನೂ ಸುತ್ತ ನಿಲ್ಲಿಸಿದರು. “ಜವರಮ್ಮ ಹೆಕ್ಕಿದ್ದು ತಪ್ಪು ಅನ್ನೋರು ಕೈ ಎತ್ತಿ.” ಯಾರೂ ಎತ್ತಲಿಲ್ಲ. “ತಪ್ಪಲ್ಲ ಅನ್ನೋರು?” ಹನ್ನೆರಡು ಕೈ. ಭಾಗಮ್ಮ ಎರಡೂ ಕೈ ಎತ್ತಿದ್ದರಿಂದ ಹದಿಮೂರಾಯಿತು, ಒಂದನ್ನು ಇಳಿಸಬೇಕಾಯಿತು. ಬೆಟ್ಟದ ಮೇಲೆ ಎದ್ದ ಕೇಕೆ ಕೆಳಗಿನ ಹೆದ್ದಾರಿಗೂ ಕೇಳಿಸಿತಂತೆ. ಜ್ಯೂರಿಯಿಂದ ಎದ್ದುಬಂದ ನಾವು ಆರು ಜನ ಎಲ್ಲರಿಗಿಂತ ಜೋರಾಗಿ ಕೂಗಿದೆವು. ಗೆದ್ದವರು ನಾವೇ ಅನ್ನುವ ಹಾಗಿತ್ತು.

ವೆಂಕಟೇಶ ಏಣಿಯ ಬುಡವನ್ನೇ ನೋಡುತ್ತ ನಿಂತಿದ್ದ. ಜವರಮ್ಮನ ಹತ್ತಿರ ಬಂದು, “ನಾನು ಹತ್ರ ಬಂದು ನೋಡ್ಬೇಕಿತ್ತು” ಎಂದ. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಜವರಮ್ಮ ಅದಕ್ಕೆ ಕಾಯಲೂ ಇಲ್ಲ.

ಎಲ್ಲರೂ ಇಳಿದು ಕಣಕ್ಕೆ ಬಂದೆವು. ಶಂಕರೇಗೌಡರು ಎಲ್ಲರ ಮುಂದೆ, ಏಣಿ ಕಟ್ಟಳೆ ತಮ್ಮ ತಂದೆ ಮಾಡಿದ ಹಾಗೆಯೇ ಇರುತ್ತದೆ, ಇನ್ನು ಮುಂದೆ ಕೊನೆಯ ಏಣಿ ನೇತುಹಾಕಿದ ದಿನ ಜವರಮ್ಮನೇ ಕಾಯಿ ಒಡೆದು ಕೂಗಲಿ ಎಂದರು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗೌಡರು ಗೋಡೌನಿಗೆ ತಾವೇ ಹೋಗಿ ಅವಳ ಗಂಟು ತಂದರು. ಅಷ್ಟಕ್ಕೆ ಅವರ ಮನಸ್ಸು ಹಗುರಾಗಲಿಲ್ಲ. ತುಂಬಿದ ಮೆಣಸಿನ ಚೀಲವೊಂದನ್ನು ಜೀಪಿನ ಹಿಂದೆ ಹಾಕಿಸಿದರು.

“ಬಾ ಜವರಮ್ಮ, ಜೀಪು ಹತ್ತು” ಎಂದರು. “ನಾನೇ ಓಡಿಸ್ಕೊಂಡು ಲೈನಿಗೆ ಬಿಡ್ತೀನಿ. ಈ ಚೀಲ ನಿಂದು. ಮುಂದಿನ ಸೀಟಲ್ಲಿ ಕೂತ್ಕ.”

ಜವರಮ್ಮ ಜೀಪಿನ ಕಡೆ ನೋಡಿದಳು, ಚೀಲದ ಕಡೆ ನೋಡಿದಳು. ಸೆರಗು ಸುತ್ತಿ ಸಿಂಬೆ ಮಾಡಿ ತಲೆ ಮೇಲಿಟ್ಟುಕೊಂಡಳು. ಗಂಟು ಎತ್ತಿಕೊಡಲು ನಾನು ಬಗ್ಗಿದೆ. ಅವಳು ಕೈ ಅಡ್ಡ ಹಿಡಿದು ತಾನೇ ಎತ್ತಿಟ್ಟುಕೊಂಡಳು. ಲೈನಿಗೆ ಹೋಗುವ ದಾರಿ ಬಿಟ್ಟು ಪೇಟೆಯ ದಾರಿಗೆ ತಿರುಗಿ ನಿಂತಳು.

“ಬ್ಯಾಡ ಅಯ್ಯ. ನೀವು ಕೊಡೋ ಚೀಲ ತಗಂಡ್ರೆ ನಾನು ಹೆಕ್ಕಿದ್ದು ಯಾವ್ದು, ನೀವು ಕೊಟ್ಟಿದ್ದು ಯಾವ್ದು ಅಂತ ನಾಳೆ ಯಾರಿಗೂ ಗೊತ್ತಾಗಲ್ಲ. ಜೀಪೂ ಬ್ಯಾಡ. ಮೊನ್ನೆ ಈ ಗಂಟು ಹೊತ್ಕಂಡು ಪೇಟೆ ಮಧ್ಯದಲ್ಲಿ ಬಂದೆ, ಎಲ್ರೂ ನೋಡಿದ್ರು. ಇವತ್ತು ಇದೇ ಗಂಟು ಹೊತ್ಕಂಡು ಅದೇ ಪೇಟೆ ಮಧ್ಯದಲ್ಲಿ ಹೋಗ್ತೀನಿ, ನಿಧಾನಕ್ಕೆ. ಎಲ್ರೂ ನೋಡ್ಲಿ. ಯಾರೂ ಕೈ ಹಾಕ್ಬೇಡಿ, ಭಾರ ನಂಗೆ ಗೊತ್ತು.”